ಹದಿನಾಲ್ಕನೇ ದಾರಿ

ಗೇಟಿನ ಹುಡುಗಿ ಕಿಟಕಿಯೊಳಗೆ ಹಾಳೆ ನೀಡಿದಳು.
ಅಪ್ಪ ಕನ್ನಡಕ ಹುಡುಕಿ, ಬೆರಳಿಟ್ಟು, ಗಟ್ಟಿಯಾಗಿ ಓದಿದ:
"ಈ ನೆಲದ ಮೇಲೆ ಏನೇ ಆದರೂ
ಹೊಣೆ ನಾನೇ."
ಹೂಂ, ಎಂದ. ಸಹಿ ಹಾಕಿದ.
ಲಿಯೋ ಯುರ್ಕೋನಿಸ್, ವಯಸ್ಸು ಎಪ್ಪತ್ತೊಂಬತ್ತು.
ಪೆನ್ನು ವಾಪಸು ಕೊಡುತ್ತಾ ಕೇಳಿದ, ಎಷ್ಟು?
ಇಬ್ಬರಿಗೆ ಅರವತ್ತು ಡಾಲರು.
"ಇಲ್ಲಿಗೆ ಬರುವುದಕ್ಕೆ
ಅವರು ನನಗೆ ಕೊಡುತ್ತಿದ್ದರು."

ಪಾರ್ಕು ತೆರೆದು ಮೂರೇ ವಾರ.
ಬೋರ್ಡಿನ ಬಣ್ಣ ಇನ್ನೂ ಬೆರಳಿಗೆ ಅಂಟುತ್ತದೆ.
ಪೆನ್ಸಿಲ್ವೇನಿಯಾದ ಹಳೇ ಕಲ್ಲಿದ್ದಲ ಗಣಿ;
ಕರಿ ಪುಡಿಗಲ್ಲಿನ ದಿಬ್ಬಗಳ ಮೇಲೆ ಯಾರೂ ನೆಡದ ಬಿಳಿ ಬರ್ಚ್ ಮರಗಳು,
ಸೀಮೆಸುಣ್ಣದಲ್ಲಿ ಗೀಚಿ ಅರ್ಧಕ್ಕೆ ಬಿಟ್ಟ ಲೆಕ್ಕದಂತೆ.

ವಾರವೆಲ್ಲ ನಾನು ಶಾಲೆಯ ಹಳದಿ ಬಸ್ಸು ಓಡಿಸುವವಳು.
ರೈಲು ಹಳಿ ಬಂತೇ, ನಿಲ್ಲಿಸು, ಬಾಗಿಲು ತೆರೆ, ಕಿವಿಗೊಡು, ಆಮೇಲೆ ದಾಟು.
ಶನಿವಾರ ನಾನು ಬೇರೆ.
ಟೈರಿನ ಗಾಳಿ ಇಳಿಸುತ್ತೇನೆ, ಮೂವತ್ತೈದರಿಂದ ಹದಿನಾಲ್ಕಕ್ಕೆ.
ಉಸ್ಸೆಂದು ನಾಲ್ಕು ಚಕ್ರಗಳೂ
ಬೆಳಗಿನಿಂದ ನಿಂತೇ ಇದ್ದ ಹೆಂಗಸರು ಕೂತಂತೆ ಕೂತವು.
ಲೋ ಗೇರು. ಬ್ರೇಕಿನಿಂದ ಕಾಲು ತೆಗೆ.
ನಂಬು.

ಅಪ್ಪನ ತೊಡೆಯ ಮೇಲೆ ನಕಾಶೆ ತಲೆಕೆಳಗು.
ಹಸಿರು ಗೆರೆ ಸುಲಭ, ನೀಲಿ ಪರವಾಗಿಲ್ಲ, ಕಪ್ಪು ಕಷ್ಟ.
"ನಮ್ಮ ಕಾಲದಲ್ಲಿ ಎಲ್ಲವೂ ಕಪ್ಪೇ."
ಹದಿನಾಲ್ಕನೇ ದಾರಿಯ ಬಾಣ ಬಲಕ್ಕೆ.
ಎಡಕ್ಕೆ ಹೋಗು ಅಂದ.
ನಾನು ಬಾಣದ ಮಾತು ಕೇಳಿದೆ.

ಇನ್ನೂರು ಗಜ. ಅಷ್ಟರಲ್ಲಿ
ಹಿಂದಿನ ಚಕ್ರವೊಂದು ಗಾಳಿಯಲ್ಲಿ, ಮುಂದಿನದು ಮೊಣಕಾಲುದ್ದದ ರಾಡಿಯಲ್ಲಿ.
ಎಂಜಿನ್ನು ಅರಚಿದಷ್ಟೂ ಹೂತೆವು.
ಅಪ್ಪ ಏನೂ ಅನ್ನಲಿಲ್ಲ. ಬಹಳ ಗಟ್ಟಿಯಾಗಿ ಏನೂ ಅನ್ನಲಿಲ್ಲ.

ರೆಡಿಂಗಿನಿಂದ ಬಂದ ಗಂಡಹೆಂಡಿರು, ಎಫ್ರೇನ್, ಯಾರಿತ್ಸಾ,
ತಮ್ಮ ಜೀಪಿನ ವಿಂಚಿನಿಂದ ಹಗ್ಗ ಎಳೆದು ತಂದರು.
ಅವಳು ಎದುರಿಗೆ ನಿಂತು ಎರಡು ಮುಷ್ಟಿಯಲ್ಲೇ ನನ್ನ ಸ್ಟಿಯರಿಂಗು ತಿರುಗಿಸಿದಳು,
ಸ್ವಲ್ಪ, ಇನ್ನೂ ಸ್ವಲ್ಪ, ಸಾಕು, ಬಾ ಬಾ ಬಾ.
ಪಚಕ್ಕೆಂದು ನೆಲ ನಮ್ಮನ್ನು ಬಿಟ್ಟಿತು.

ತುದಿಯಲ್ಲಿ ಬಾನೆಟ್ಟಿನ ಮೇಲೇ ಊಟ.
ಫಾಯಿಲಿನಲ್ಲಿ ಆಲೂಗಡ್ಡೆಯ ಪಿರೋಗಿ, ಅವರ ಡಬ್ಬಿಯ ಹುರಿದ ಬಾಳೆಕಾಯಿ.
ದೇವರು ಎಂಥ ಗುಡ್ಡ ಮಾಡಿದ್ದಾನೆ, ಎಂದ ಎಫ್ರೇನ್.
"ನಾನು ಮಾಡಿದ್ದು," ಎಂದ ಅಪ್ಪ.
ಅವರಿಬ್ಬರೂ ನಕ್ಕರು. ನಾನೂ.
ಅವನು ಅಗಿಯುತ್ತಲೇ ಇದ್ದ.

"ಎಪ್ಪತ್ನಾಲ್ಕರಲ್ಲಿ. ಹದಿನೆಂಟು ಗಜದ ಬಕೆಟ್ಟು.
ಅಲ್ಲಿ, ಆ ನೀರು ನಿಂತಿದೆಯಲ್ಲ, ಲಾರ್ಕಿನ್ ಪ್ಯಾಚ್ ಇತ್ತು.
ಎರಡು ಸಾಲು, ಇಪ್ಪತ್ತೆರಡು ಮನೆ, ಎಲ್ಲಕ್ಕೂ ಕಂಪನಿಯ ಕೆಂಪು ಬಣ್ಣ.
ಕಲ್ಲಿದ್ದಲು ಮನೆಗಳ ಕೆಳಗಿತ್ತು. ಏನು ಮಾಡುವುದು?
ಗುಡೈಟಿಸರದು, ಇಗರ್ಜಿಯ ಮೆಟ್ಟಿಲು, ಆಮೇಲೆ ನಮ್ಮದು.
ಸಾಲಿನಲ್ಲಿ ಕಟ್ಟಿದ್ದರು, ಸಾಲಿನಲ್ಲೇ ತೆಗೆದೆ.
ನಮ್ಮದಕ್ಕೆ ಒಂದೂವರೆ ಬಕೆಟ್ಟು.
ಶನಿವಾರ ಅವತ್ತು. ಒಂದೂವರೆ ಪಟ್ಟು ಕೂಲಿ.
ಅಮ್ಮ ಬುತ್ತಿ ಕಟ್ಟಿಕೊಟ್ಟಿದ್ದಳು. ಏನೂ ಕೇಳಲಿಲ್ಲ."

ಐವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದೇನೆ ಇವನ ಜೊತೆ.

ಯಾರಿತ್ಸಾ ಮೆಲ್ಲಗೆ: ಹಾಗಾದರೆ ನಿಮ್ಮ ಮನೆ ಈಗ?
ಅಪ್ಪ ಬೂಟಿನ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ ನೋಡಿದ,
ಸಂತೆಯಲ್ಲಿ ಕಲ್ಲಂಗಡಿ ನೋಡುವವನ ಹಾಗೆ.
"ಇಲ್ಲೇ ಎಲ್ಲೋ."

ಇಳಿಯುವಾಗ ಕೀಲಿ ಅವನ ಕೈಗಿಟ್ಟೆ.
ಲೈಸೆನ್ಸು ಮುಗಿದು ಎರಡು ವರ್ಷ; ಪಾರ್ಕಿನೊಳಗೆ ಯಾರು ಕೇಳುತ್ತಾರೆ.
ಬಾಣಗಳತ್ತ ಕತ್ತೆತ್ತಲಿಲ್ಲ.
ಎಡಕ್ಕೆ, ಬರ್ಚುಗಳ ನಡುವೆ, ನನಗೆ ಕಾಣದ ಅಗಲವಾದ ರಸ್ತೆಯೊಂದರಲ್ಲಿ
ಎರಡೇ ಬೆರಳಿನಲ್ಲಿ ತಿರುಗಿಸುತ್ತಾ ಇಳಿಸಿದ.
ಒಂದು ಹನಿ ಕಾಫಿಯೂ ಚೆಲ್ಲಲಿಲ್ಲ.

ಗೇಟಿನ ಬಳಿ ನಾನು ಮಂಡಿಯೂರಿ ಟೈರಿಗೆ ಗಾಳಿ ತುಂಬುತ್ತಿದ್ದೆ,
ಹದಿನೆಂಟು, ಇಪ್ಪತ್ತು, ಇಪ್ಪತ್ತಾರು.
ಅಪ್ಪ ಆ ಹುಡುಗಿಯ ಕಿಟಕಿಗೆ ಮೊಣಕೈಯೂರಿ ಹೇಳುತ್ತಿದ್ದ,
ಹದಿನಾಲ್ಕರ ಬಾಣ ತಪ್ಪಾಗಿದೆ, ಎಡಕ್ಕೆ ತಿರುಗಿಸಿ.
ಅವಳು ಬರೆದುಕೊಂಡಳು.
ಹೆಸರು ಕೇಳಿದಳು. ಅದನ್ನೂ ಬರೆದುಕೊಂಡಳು.